ಲೈನು ಬಿದ್ದಾಗ ಬರುವ ಸಂದೇಶ

ಮೇಡಂ ಅವರಿಗೆ ನಮಸ್ಕಾರ.

ನನ್ನ ಹೆಂಡತಿಯ ಆಫೀಸ್ ಫೋನನ್ನು ವಾಪಸ್ ಕೇಳಿದ್ದೀರಿ. ಖಂಡಿತ ಕೊಡುತ್ತೇನೆ. ಅವಳು ತೀರಿಕೊಂಡ ಮೇಲೂ ಕೆಲಸ ಒಂದು ಗಳಿಗೆಯೂ ನಿಲ್ಲಲಿಲ್ಲವೆಂದು ಮನೆಗೆ ಬಂದಾಗ ಹೇಳಿದಿರಿ. ಸಮಾಧಾನಕ್ಕೇ ಹೇಳಿದಿರಿ, ಗೊತ್ತು. ಅವಳ ಕೆಲಸವೇ ಅದಾಗಿತ್ತಲ್ಲ. ಊರೂರಿನ ಆಸ್ಪತ್ರೆಗಳನ್ನು ಜೋಡಿಸುವ ಒಂದು ಇಂಟರ್ನೆಟ್ ಲೈನು ಕಡಿದರೆ, ಯಾರಿಗೂ ತಿಳಿಯುವ ಮೊದಲೇ ಇನ್ನೊಂದು ಲೈನು ಆ ಹೊರೆ ಹೊರುವಂತೆ ಮಾಡುತ್ತಿದ್ದಳು.

ಹಾಗಾದಾಗಲೆಲ್ಲ ಈ ಫೋನಿಗೆ ಟಿಣ್ ಎಂದು ಸಂದೇಶ ಬರುತ್ತದೆ. ನಾನು ಹೊಲಿಗೆಯಿಂದ ತಲೆಯೆತ್ತಿದರೆ, "ಏನಿಲ್ಲ ರೀ, ಒಂದು ಬಿತ್ತು, ಇನ್ನೊಂದು ಹಿಡ್ಕೊಂಡಿದೆ. ಇತ್ತ ನೋಡ್ತಾ ಅಂಗಿಗೆ ಮೂರನೇ ತೋಳು ಹೊಲಿದುಬಿಟ್ಟೀರಿ" ಅನ್ನುತ್ತಿದ್ದಳು.

ನಿನ್ನೆಯೂ ಸಂದೇಶ ಬಂತು. ಮಗಳು ರೂಢಿಯಂತೆ ಒಳಗಿನಿಂದಲೇ, "ಅಮ್ಮಾ, ನಿನ್ನ ಲೈನ್ ಬಿತ್ತು ನೋಡು" ಎಂದಳು. ಆಮೇಲೆ ಅವಳು ಹೊರಗೆ ಬರಲಿಲ್ಲ. ನಾನು ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದೆ. ಸೂಜಿಯಲ್ಲಿ ದಾರವಿಲ್ಲದ್ದು ಬಹಳ ಹೊತ್ತಿನ ಮೇಲೆ ಗೊತ್ತಾಯಿತು.

ಆ ಸಂದೇಶಗಳು ಇನ್ನು ಮುಂದೆ ನನ್ನ ನಂಬರಿಗೆ ಬರುವಂತೆ ಮಾಡಬಹುದೇ? ನನಗೆ ಅವು ಅರ್ಥವಾಗುವುದಿಲ್ಲ, ಯಾರಿಗೂ ತೋರಿಸುವುದೂ ಇಲ್ಲ.

ನಿಯಮ ಒಪ್ಪದಿದ್ದರೆ ಬೇಡ. ಫೋನ್ ಒಯ್ಯಲು ಬರುವವರು ಮಗಳು ಶಾಲೆಯಲ್ಲಿರುವ ಹೊತ್ತಿಗೆ ಬಂದರೆ ಉಪಕಾರವಾದೀತು.

ಇಂತಿ,
ಅವಳ ಗಂಡ