ಗುರುವಾರ ಬಂದ ದಶಮಿ

ಹೊಸ ತಿಪ್ಪಸಂದ್ರ
೪ ಅಕ್ಟೋಬರ್ ೨೦೨೫, ಶನಿವಾರ

ಪ್ರೀತಿಯ ತಂಗಿ ರಾಜೇಶ್ವರಿಗೆ ನಿನ್ನ ಅಕ್ಕ ಯಶೋದಮ್ಮನ ಆಶೀರ್ವಾದಗಳು.

ಇವತ್ತು ನನಗೆ ಶನಿವಾರದ ಒಪ್ಪೊತ್ತು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಆಯುಧಪೂಜೆಗೆ ನಮ್ಮ ಯಜಮಾನರು ಆಟೋ ಮುಂದೆ ಒಡೆದ ಬೂದುಗುಂಬಳ ಇನ್ನೂ ಅಲ್ಲೇ ಕೊಳೆಯುತ್ತಿತ್ತು, ಅದನ್ನು ಬಳಿದು ಹಾಕಿದೆ. ನಮ್ಮ ಗಾರ್ಮೆಂಟ್ಸಿನ ಅಮೃತಮ್ಮನ ಹತ್ತಿರ ಎರವಲು ತಂದ ದೊಡ್ಡ ಪಾತ್ರೆ ತಿಕ್ಕಿ ಬೋರಲು ಹಾಕಿದೆ. ದೀಪ ಹಚ್ಚಿ, ಒಂದು ಬಾಳೆಹಣ್ಣು ತಿಂದು, ಈಗ ಬರೆಯಲು ಕುಳಿತಿದ್ದೇನೆ.

ಗುರುವಾರ ಸಂಜೆಯಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ. ಎತ್ತಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು "ಹೋಗ್ಲಿ ಬಿಡಕ್ಕಾ" ಅನ್ನುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಕಾಗದಕ್ಕೆ ನಡುವೆ ಬಾಯಿ ಹಾಕುವವರಿಲ್ಲ. ನಮ್ಮೂರ ಶಾಲೆಯ ಏಳನೇ ಕ್ಲಾಸಿನ ಕನ್ನಡ ನನ್ನದು, ತಪ್ಪಿದ್ದರೆ ತಿದ್ದಿಕೊಂಡು ಓದು.

ಗಾರ್ಮೆಂಟ್ಸ್ ಮುಚ್ಚಿದ ಮೇಲೂ ಅಲ್ಲಿ ಒಟ್ಟಿಗೆ ಕೆಲಸ ಮಾಡಿದ ನಾವು ಹಳೇ ಲೈನಿನವರು ದಸರಾದಲ್ಲಿ ಒಂದು ದಿನ ನಮ್ಮ ಮನೆಯಲ್ಲಿ ಕೂತು ಉಣ್ಣುವುದನ್ನು ಬಿಟ್ಟಿಲ್ಲ. ಅಲ್ಲೇ ನನಗೆ ತಂಗಿಯಾಗಿ ಸಿಕ್ಕ ನೀನೂ ಪ್ರತಿ ವರ್ಷ ಬರುತ್ತಿದ್ದೆ. ಸೌತೆಕಾಯಿ ಹೆಚ್ಚುತ್ತಿದ್ದೆ, ಬಡಿಸುತ್ತಿದ್ದೆ, ಎಲ್ಲರನ್ನೂ ನಗಿಸುತ್ತಿದ್ದೆ. ಉಣ್ಣುವುದು ಮಾತ್ರ ಇಲ್ಲ. ಒಂದು ವರ್ಷ ಸೋಮವಾರದ ಉಪವಾಸ, ಒಂದು ವರ್ಷ ಶುಕ್ರವಾರದ್ದು, ಇನ್ನೊಂದು ವರ್ಷ ನವರಾತ್ರಿ ಪೂರ್ತಿ ಉಪವಾಸ. ಅದಕ್ಕೇ ಈ ಸಲ ನವರಾತ್ರಿ ಮುಗಿದ ಮೇಲೆ, ದಶಮಿಗೇ ಊಟ ಇಟ್ಟುಕೊಂಡೆ. ಈ ವರ್ಷ ನಿನ್ನನ್ನು ನಮ್ಮ ಮನೆಯ ಎಲೆ ಮುಂದೆ ಕೂರಿಸಲೇಬೇಕು ಅಂತ ನನ್ನ ಹಠ. ಕ್ಯಾಲೆಂಡರಿನಲ್ಲಿ ತಿಥಿ ನೋಡಿದೆ, ವಾರ ನೋಡಲಿಲ್ಲ. ಹಿಂದಿನ ದಿನ ನೀನು ಫೋನಿನಲ್ಲಿ, "ಅಕ್ಕಾ, ನಾಳಿ ರಾಯರ ವಾರ, ನಂದು ಉಪಾಸ. ಬರಾಕ ಆಗಂಗಿಲ್ಲ, ಅತ್ತೀ ಕೈಯಾಗ ಬನ್ನಿ ಕಳಸ್ತೀನಿ" ಅಂದೆ. ನಾನು ಕಡಲೆಬೇಳೆ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟೆ.

ಆಗ ನಿನ್ನ ಮೇಲೆ ಕೋಪ ಬರಲಿಲ್ಲ. ನಿಮ್ಮ ಅತ್ತೆ ಸಾಬಮ್ಮನವರ ಮೇಲೆ ಬಂತು. ನಮ್ಮಂಥ ಕೇರಿಯ ಜನರ ಮನೆಯಲ್ಲಿ ಸೊಸೆ ಉಂಡರೆ ಒಳಗೆ ಸೇರಿಸದ ಮುದುಕಿ ಇರಬೇಕು, ಪಾಪ, ರಾಜೇಶ್ವರಿ ಏನು ಮಾಡಿಯಾಳು ಅಂತ ನಾನೂ ಅಮೃತಮ್ಮನೂ ಎಷ್ಟೋ ವರ್ಷದಿಂದ ಅಂದುಕೊಂಡು ಬಂದಿದ್ದೆವು.

ಊಟದ ದಿನದ ಸುದ್ದಿ ಕೇಳು. ಒಬ್ಬಟ್ಟು, ಒಬ್ಬಟ್ಟಿನ ಸಾರು, ಕೋಸಂಬರಿ, ಆಂಬೊಡೆ, ಚಿತ್ರಾನ್ನ ಮಾಡಿದ್ದೆ. ತಾರಸಿಯ ಮೇಲೆ ನೆರಳಿಗೆ ಹಳೇ ಸೀರೆ ಕಟ್ಟಿ ಚಾಪೆ ಹಾಸಿದ್ದೆವು. ನಮ್ಮ ಕಟಿಂಗ್ ಮಾಸ್ಟರ್ ತೌಹೀದ್ ಶಿವಾಜಿನಗರದಿಂದ ಸೀತಾಫಲದ ಚೀಲ ಹೊತ್ತುಕೊಂಡು ಬಂದ. "ಅಕ್ಕಾ, ಇವತ್ತು ಗಾಂಧಿ ಜಯಂತಿ. ನಮ್ ಏರಿಯಾದಲ್ಲಿ ಒಂದ್ ಪೀಸ್ ಮಾಂಸ ಸಿಗಲ್ಲ. ನಿಮ್ ಒಬ್ಬಟ್ಟೇ ಗತಿ" ಅಂದ.

"ಒಬ್ಬಟ್ಟು ತಿನ್ನೋಕೆ ಗಾಂಧೀನ ಯಾಕೋ ಎಳೀತೀಯ? ಹೋದ್ ವರ್ಷ ಊಟದ ದಿನ ಜಯಂತಿ ಇರ್ಲಿಲ್ಲ, ಆಗ್ಲೂ ಆರು ತಿಂದೆ" ಅಂತ ಅಮೃತಮ್ಮ ಅವನಿಗೆ ತಿರುಗೇಟು ಕೊಟ್ಟಳು.

"ಏಳು. ಒಂದು ನೀನು ನೋಡ್ಲಿಲ್ಲ."

ನಮ್ಮ ಯಜಮಾನರು ನಕ್ಕು ನಕ್ಕು ಕೆಮ್ಮಿದರು. ಅಷ್ಟರಲ್ಲಿ ಕೆಳಗೆ ನಿಮ್ಮ ಅಮರಪ್ಪನ ಬೈಕಿನ ಸದ್ದು. ಅವ್ವನನ್ನು ಇಳಿಸಿ, ಮೇಸ್ತ್ರಿ ಮನೆಗೂ ಬನ್ನಿ ಕೊಟ್ಟು ಬರುತ್ತೇನೆ ಅಂತ ಅವನು ಹೊರಟುಹೋದ. ಸಾಬಮ್ಮನವರು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಇಷ್ಟು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದದ್ದು ಇದೇ ಮೊದಲು. ಸೆರಗಿನ ಗಂಟು ಬಿಚ್ಚಿ ಬನ್ನಿ ಸೊಪ್ಪು ನನ್ನ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣವ್ವಾ" ಅಂದರು. ನಾನು ಕಾಲಿಗೆ ಬಗ್ಗಿದರೆ ತಬ್ಬಿಕೊಂಡರು. ಆಮೇಲೆ ಸುತ್ತ ನೋಡಿ, "ಹೋಳಿಗಿ ವಾಸನಿ ಬರಾಕತ್ತೈತಿ. ನಂಗೂ ಒಂದು ಎಲಿ ಹಾಕು" ಅಂದರು.

ಅಮೃತಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ನಾನು ಕೇಳಿಯೇಬಿಟ್ಟೆ: "ಅಮ್ಮಾ, ನಾವು ಯಾವ ಜನ ಅಂತ ನಿಮಗೆ ಗೊತ್ತಲ್ವಾ?"

"ಗೊತ್ತೈತಿ. ಸೊಸಿ ಹೇಳ್ಯಾಳ. ಅದಕ್ಕೇನೀಗ? ಊರಾಗ ನಿಮ್ಮ ಮಂದಿ ಕೂಡ ಕಳೇವು ತಗದೀನಿ, ಬದುವಿನ ಮ್ಯಾಲ ಕುಂತು ಬುತ್ತಿ ಹಂಚಗೊಂಡೀನಿ. ಈ ಹಲ್ಲಿಲ್ಲದ ಬಾಯಿಗೆ ಈಗೆಲ್ಲಿ ಮಡಿ?"

ಅಮೃತಮ್ಮ ಸುಮ್ಮನಿರುವವಳಲ್ಲ. "ಮತ್ತೆ ರಾಜೇಶ್ವರೀನ ಯಾಕಮ್ಮಾ ಇಲ್ಲಿ ಊಟ ಮಾಡೋಕೆ ಬಿಡಲ್ಲ ನೀವು?" ಅಂದಳು.

"ನಾನ್ಯಾಕ ಬ್ಯಾಡ ಅನ್ಲಿ? ಹಬ್ಬದ ದಿನ ಕರದ ಮನಿಗೆ ಹೋಗಂಗಿಲ್ಲೇನ ಅಂತ ಇವತ್ತು ಮುಂಜಾನಿ ನಾನೇ ಬೈದೀನಿ ಆಕಿಗೆ."

ತೌಹೀದ್ ಎದ್ದು, "ಕೂತ್ಕೊಳ್ಳಿ ಖಾಲಾ, ನನ್ ಪಕ್ಕ ಜಾಗ ಇದೆ" ಅಂತ ಚಾಪೆ ಸರಿಸಿದ. ನಾನು ಎಲೆ ಹಾಕಿದೆ, ನೀರು ಚಿಮುಕಿಸಿದೆ. ತುಪ್ಪ ಜಾಸ್ತಿ ಬಿತ್ತು. "ಹಂಗ ಬೀಳ್ಲಿ" ಅಂದರು. ಸಾರಿಗೆ ಖಾರ ಸಾಲದು ಅಂತ ಬೈದರು, ಬೈದು ಮತ್ತೆ ಹಾಕಿಸಿಕೊಂಡರು. ಹಲ್ಲಿಲ್ಲದವರಿಗೆ ಒಬ್ಬಟ್ಟನ್ನು ಹಾಲಿನಲ್ಲಿ ಕಿವುಚಿಕೊಟ್ಟೆ. ನಮ್ಮಮ್ಮ ಹೋದ ಮೇಲೆ ನಾನು ಹಾಗೆ ಕಿವುಚಿ ಉಣಿಸುವಂಥವರು ಯಾರೂ ಇರಲಿಲ್ಲ ರಾಜೇಶ್ವರಿ. ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಹೊರಡುವಾಗ ನಿನಗೆ ಅಂತ ಒಬ್ಬಟ್ಟು ಕಟ್ಟಲು ಹೋದೆ. ಅವರು ನನ್ನ ಕೈ ಹಿಡಿದು, "ಬ್ಯಾಡ. ಆಕಿಗೆ ಬೇಕಂದ್ರ ಇಲ್ಲಿಗೇ ಬಂದು ಉಣ್ಲಿ" ಅಂದರು. ಅದಕ್ಕೇ ನಿನಗೆ ಏನೂ ಬರಲಿಲ್ಲ. ನಾನು ಮರೆತೆ ಅಂದುಕೊಳ್ಳಬೇಡ.

ಮನೆಯಲ್ಲಿ ಅತ್ತೆಯ ಮೇಲೆ ಸಿಟ್ಟು ಮಾಡಬೇಡ. ಅವರ ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು. ನಿನ್ನ ಮಗಳು ಯಮುನಾಗೆ ದೊಡ್ಡಮ್ಮ ಕೇಳಿದಳು ಅಂತ ಹೇಳು. ನಿನಗೂ ಅಮರಪ್ಪನಿಗೂ ತಾಯಿ ಮಾರಮ್ಮ ಆಯಸ್ಸು ಆರೋಗ್ಯ ಕೊಡಲಿ, ನಿನ್ನ ಒಲೆ ತಣ್ಣಗಾಗದೆ ಇರಲಿ.

ನಿನ್ನ ಅಕ್ಕ,
ಯಶೋದಮ್ಮ

ಮೇಲೆ ಬರೆಯಲು ಆಗದ್ದನ್ನು ಇಲ್ಲಿ ಬರೆಯುತ್ತೇನೆ. ಗಾರ್ಮೆಂಟ್ಸಿನಲ್ಲಿ ನೀನು ನನ್ನ ಡಬ್ಬಿಯಲ್ಲೇ ಕೈ ಹಾಕಿ ಉಣ್ಣುತ್ತಿದ್ದೆ. ನಿನ್ನ ರೊಟ್ಟಿ ನನ್ನ ಕಡೆ ತಳ್ಳಿ, ನನ್ನ ಹುರುಳಿಕಾಳಿನ ಸಾರಿಗೆ ಜಗಳ ಆಡುತ್ತಿದ್ದೆ. ಆಗ ನಾನು ಯಾರು ಅಂತ ನೀನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಒಂದು ಸಂಜೆ ಶಿಫ್ಟ್ ಮುಗಿಸಿ ಮೊದಲ ಸಲ ನಮ್ಮ ಮನೆಗೆ ಬಂದೆ. ಗೋಡೆಯ ಮೇಲೆ ಬುದ್ಧನ ಪಕ್ಕದಲ್ಲಿ ಅಂಬೇಡ್ಕರ್ ಅವರ ಪಟ ನೋಡಿ ಒಂದು ಗಳಿಗೆ ನಿಂತೆ. ನಾನು ತಟ್ಟೆ ಇಟ್ಟೆ. "ಅಕ್ಕಾ, ಇವತ್ತು ನಂದು ಉಪಾಸ" ಅಂದೆ. ಅದೇ ದಿನ ಮಧ್ಯಾಹ್ನ ನನ್ನ ಡಬ್ಬಿಯಿಂದ ಉಂಡಿದ್ದೆ. ನನಗೆ ಅಂದೇ ಗೊತ್ತಾಯಿತು. ನಿನ್ನನ್ನು ಬಿಡಲು ಮನಸ್ಸು ಬರಲಿಲ್ಲ, ಅದಕ್ಕೆ ಎಲ್ಲವನ್ನೂ ನಿಮ್ಮ ಅತ್ತೆಯ ತಲೆಗೆ ಕಟ್ಟಿದೆ. ಈಗ ಆ ಮುದುಕಿ ನಮ್ಮ ಮನೆಯಲ್ಲಿ ಉಂಡು ಎಲೆ ಮಡಚಿ ಎದ್ದು ಹೋದರು. ಇನ್ನು ಯಾರ ತಲೆಗೆ ಕಟ್ಟಲಿ, ನೀನೇ ಹೇಳು.

ಮಂಗಳವಾರ ತೌಹೀದ್ ನಿಮ್ಮ ಕೆ.ಆರ್. ಪುರದ ಕಡೆ ಬರುತ್ತಾನೆ. ನಿನ್ನ ಉತ್ತರ ಇಸ್ಕೊಂಡು ಬಾ ಅಂತ ಅವನಿಗೆ ಹೇಳಿದ್ದೇನೆ, ಅವನ ಕೈಗೆ ಕೊಡು. ನಿನ್ನಿಂದ ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತಲೇ ಬರಿ, ಅದನ್ನೂ ಓದುತ್ತೇನೆ. ಉಪವಾಸ ಅಂತ ಮಾತ್ರ ಬರೆಯಬೇಡ.