ನಡುನೀರಿನಲ್ಲಿ ತಿಂದ ಮಾವು

ಹೋರ್ದಾನ್ ದೋಣಿಕಟ್ಟೆ, ಗಿಮರಾಸ್ ದ್ವೀಪ
14 ಏಪ್ರಿಲ್ 1997

ಪ್ರೀತಿಯ ದೆಲ್ಫಿನ್,

ಬೆನ್ನುನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಊಟವೇ ಸೇರುವುದಿಲ್ಲ ಎಂದು ನೀನು ಬರೆದಿದ್ದೆ. ಒಣಮೀನು ಕಳಿಸೋಣವೆಂದರೆ, ಅದು ರಾಟರ್‌ಡ್ಯಾಮ್ ಮುಟ್ಟುವಷ್ಟರಲ್ಲಿ ಅಂಚೆಯವರೆಲ್ಲ ಸೇರಿ ನನ್ನನ್ನು ಶಪಿಸಿಯಾರು. ಇಲ್ಲಿ ನಾವು ಚೆನ್ನಾಗಿದ್ದೇವೆ. ಮಗಳ ಮುಂದಿನ ಎರಡು ಹಲ್ಲು ಬಿದ್ದಿವೆ. ಮರಿತೆಸ್ ಎಂದು ತನ್ನ ಹೆಸರು ಹೇಳಲು ಹೋದರೆ ಕೊನೆಗೆ ಸೀಟಿ ಬರುತ್ತದೆ.

ನನಗೆ ಕೆಲಸವೊಂದು ಹೆಚ್ಚಾಗಿದೆ. ಇಷ್ಟು ದಿನ ದೋಣಿ ಇಳಿದವರ ಚೀಲ ನೋಡಿ, ದ್ವೀಪದ ಹೊರಗಿನ ಮಾವಿನಹಣ್ಣು ಸಿಕ್ಕರೆ ತೆಗೆದಿಡುವುದಷ್ಟೇ ಇತ್ತು. ಈಗ ಪ್ರಾಂತ್ಯದ ಕಚೇರಿಯವರು ಪ್ರವಾಸಿಗರಿಗೆಂದು ‘ನಮ್ಮ ದ್ವೀಪದ ಪರಿಚಯ’ ಅಂತ ಎರಡು ಪುಟ ಬರೆದು ಕೊಟ್ಟಿದ್ದಾರೆ. ದೋಣಿ ಬಂದಾಗಲೆಲ್ಲ ನಾನು ಮೈಕ್ ಹಿಡಿದು ಓದಬೇಕು. ಬಿಳಿ ಮರಳಂತೆ, ಗುಹೆಗಳಂತೆ, ಇಂಥ ಸಿಹಿ ಮಾವು ಬೇರೆಲ್ಲೂ ಇಲ್ಲವಂತೆ. ಕೊನೆಯ ಸಾಲು, “ಇಲ್ಲಿನ ಜನ ಸ್ನೇಹಜೀವಿಗಳು, ಬಂದವರನ್ನು ಮನೆಯವರಂತೆ ಕಾಣುತ್ತಾರೆ.” ಬರೆದ ಪುಣ್ಯಾತ್ಮನನ್ನು ಒಂದು ಬೆಳಿಗ್ಗೆ ನಮ್ಮ ಬೀದಿ ನಲ್ಲಿಯ ಮುಂದೆ ನಿಲ್ಲಿಸಬೇಕು.

ಈಗ ಕುಳಿತುಕೊಂಡು ಓದು. ಕಳೆದ ಗುರುವಾರ ಹತ್ತು ಗಂಟೆಯ ದೋಣಿಯಲ್ಲಿ ನಿನ್ನ ಅಮ್ಮ ಬಂದರು. ಹೌದು, ನಮ್ಮ ಮದುವೆಗೂ ಬಾರದೆ, ತಾವು ನೋಡಿಟ್ಟಿದ್ದ ಟೀಚರಮ್ಮನನ್ನು ಬಿಟ್ಟು ನೀನು ನನ್ನನ್ನು ಕಟ್ಟಿಕೊಂಡೆಯೆಂದು ಏಳು ವರ್ಷ ಮಾತು ಬಿಟ್ಟಿದ್ದ ಅದೇ ಅಮ್ಮ. ಫೋಟೋದಲ್ಲಿ ಮಾತ್ರ ನೋಡಿದ್ದೆ; ಆದರೂ ಹಲಗೆಯ ಮೇಲೆ ಕಾಲಿಡುವಾಗಲೇ ಗುರುತು ಹತ್ತಿತು, ನಿನ್ನದೇ ನಡಿಗೆ. ಆ ಸ್ನೇಹಜೀವಿಗಳ ಸಾಲನ್ನು ಎರಡು ಸಲ ಓದಿಬಿಟ್ಟೆ. ಅವರ ಹೆಗಲಲ್ಲೊಂದು ಚೀಲ, ಕೈಯಲ್ಲೊಂದು ಬುಟ್ಟಿ; ಬುಟ್ಟಿಯ ಬಟ್ಟೆ ಸರಿಸಿದರೆ ಹನ್ನೊಂದು ಮಾವಿನಹಣ್ಣು, ಆಂತಿಕೆಯಲ್ಲಿನ ನಿಮ್ಮ ಮನೆಯ ಹಿತ್ತಲಿನವು.

“ನನಾಯ್, ಇದನ್ನ ಒಳಗೆ ಬಿಡೋ ಹಾಗಿಲ್ಲ” ಅಂದೆ. ಅತ್ತೆಗೆ ನಾನು ಆಡಿದ ಮೊಟ್ಟಮೊದಲ ಮಾತು ಅದು! ಹಾಗೆ ಅಮ್ಮಾ ಎಂದು ಕರೆದದ್ದರಿಂದಲೇ ಅವರು ನನ್ನ ಗುರುತು ಹಿಡಿದು, ಬುಟ್ಟಿಯನ್ನು ಎದೆಗೆ ಅವುಚಿಕೊಂಡು, ಸುತ್ತಲಿದ್ದವರಿಗೆಲ್ಲ ಕೇಳುವಂತೆ, “ಸ್ನೇಹಜೀವಿಗಳಂತೆ! ಅತ್ತೆ ಕೈಯಿಂದ ಹಣ್ಣು ಕಿತ್ಕೊಳ್ಳೋ ಸ್ನೇಹಜೀವಿ! ಮೊಮ್ಮಗಳಿಗೆ ಅಂತ ತಂದಿದ್ದು ಕಣೇ” ಅಂದರು. ಜನ ನಕ್ಕರು. ನನಗೆ ಅಳು ಬಂತು. ಕಣ್ಣು ಮುಚ್ಚಿಕೊಂಡು ಬಿಟ್ಟುಬಿಡಬಹುದಿತ್ತು, ದೆಲ್ಫಿನ್. ಆದರೆ ಒಂದು ಹುಳ ಒಳಗೆ ಬಂದರೆ ನನ್ನ ಅಪ್ಪನ ತೋಟದಿಂದ ಹಿಡಿದು ಎಲ್ಲರ ತೋಟವೂ ಹೋದಂತೆ. ಹಿಂದಿನ ದಿನ ತಾನೇ ಒಬ್ಬ ಬಸುರಿಯ ಕೈಯಿಂದ ಹಣ್ಣು ತೆಗೆದಿಟ್ಟವಳು ನಾನು. ಅತ್ತೆಯದನ್ನು ಯಾವ ಮುಖದಲ್ಲಿ ಬಿಡಲಿ? ಅತ್ತೆ ತಿರುಗಿ ಅದೇ ದೋಣಿ ಹತ್ತಿ, ನನಗೆ ಬೆನ್ನು ಮಾಡಿ ಕುಳಿತರು. ಅದು ಹೊರಡಲು ಇನ್ನು ಕಾಲು ಗಂಟೆ.

ಏನು ತೋಚಿತೋ, ಮೈಕನ್ನು ನನ್ನ ಮೇಲಧಿಕಾರಿ ಮನೋಂಗ್ ಇಸ್ಕೋ ಕೈಗೆ ತುರುಕಿ ಬಾಲವಾಡಿಗೆ ಓಡಿದೆ. ಮರಿತೆಸಳನ್ನು ಎತ್ತಿಕೊಂಡು ಬಂದು, “ಮನೋಂಗ್, ನೀರಿನ ಮೇಲೆ ತಿಂದ್ರೆ?” ಅಂದೆ. ಅವರು ತಲೆ ಕೆರೆದುಕೊಂಡು, “ಸಿಪ್ಪೆ ಗೊರಟೆ ಆಚೆ ದಡದಲ್ಲೇ ಬಿಟ್ಟು ಬಾ. ಬುಟ್ಟೀನೂ. ಕೈಬಾಯಿ ತೊಳ್ಕೊಂಡು ಬಾ” ಅಂದರು.

ನಾವಿಬ್ಬರೂ ಹತ್ತಿದೆವು; ದೋಣಿ ಆಚೆ ದಡದ ಇಲೊಯ್ಲೊ ಕಡೆಗೆ ಹೊರಟಿತು. ಹುಡುಗಿ ಹೋಗಿ ಅಜ್ಜಿಯ ಮುಂದೆ ನಿಂತು ಸೀಟಿ ಹೊಡೆಯುತ್ತಾ ಹೆಸರು ಹೇಳಿದಳು. ಅತ್ತೆ ಅವಳ ಬಾಯಿ ತೆರೆಸಿ ನೋಡಿ, “ಕಚ್ಚೋಕೆ ಹಲ್ಲೇ ಇಲ್ವಲ್ಲೇ!” ಎಂದು ಹಣ್ಣಿನ ಕೆನ್ನೆ ಹೆಚ್ಚತೊಡಗಿದರು. ನನ್ನತ್ತ ನೋಡದೆಯೇ ಒಂದು ಹೋಳು ಚಾಚಿದರು. ಹನ್ನೊಂದನ್ನು ಮೂವರು ಮುಗಿಸಲಾಗದೆ ದೋಣಿಯವರಿಗೆಲ್ಲ ಹಂಚಿದೆವು. “ಅವನ ಹೆಂಡ್ತಿ ಮೆದು ಅಂತ ಯಾರೋ ಹೇಳಿದ್ರು. ಸುಳ್ಳು” ಅಂದರು ಅತ್ತೆ. ಬೈದರೋ ಹೊಗಳಿದರೋ ಇನ್ನೂ ತಿಳಿದಿಲ್ಲ. ಆಚೆ ದಡದಲ್ಲಿ ಎಲ್ಲ ಸುರಿದು, ಕೈ ತೊಳೆದು, ಮೂವರೂ ಒಟ್ಟಿಗೆ ವಾಪಸ್ ಬಂದೆವು. ಮನೋಂಗ್ ಇಸ್ಕೋ ಅತ್ತೆಯ ಚೀಲವನ್ನು ಮತ್ತೆ ಸೋಸಿ ನೋಡಿಯೇ ಒಳಗೆ ಬಿಟ್ಟರು.

ಈಗ ಅಜ್ಜಿ ಮೊಮ್ಮಗಳು ಕೋಳಿಗೂಡು ಕಟ್ಟುತ್ತಿದ್ದಾರೆ. ನನ್ನ ಅನ್ನ ಮುದ್ದೆಯಾಗುತ್ತದೆ ಎಂದು ದಿನವೂ ಹೇಳಿಸಿಕೊಳ್ಳುತ್ತೇನೆ. ಮನೆಯವರೆಲ್ಲ ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನ ಹಡಗನ್ನು ಕಾಯಲಿ.

ನಿನ್ನ
ನೆನಿತಾ

ಮರೆಯುವ ಮುಂಚೆ: ಒಗೆಯಲೆಂದು ಅತ್ತೆಯ ಚೀಲ ಬಿಚ್ಚಿದೆ. ನಿನ್ನ ಅಪ್ಪನ ಫೋಟೋ, ಮನೆಪತ್ರ, ಅನ್ನದ ಪಾತ್ರೆಯ ಮುಚ್ಚಳ. ನಾಲ್ಕು ದಿನಕ್ಕೆ ಬಂದವರು ಇದನ್ನೆಲ್ಲ ತರುತ್ತಾರೆಯೇ? ಬಹಳ ಕೇಳಿದ ಮೇಲೆ ಬಾಯಿಬಿಟ್ಟರು. ನವೆಂಬರಿನ ಬಿರುಗಾಳಿಗೆ ಮನೆ ಪೂರ್ತಿ ಬಿದ್ದಿದೆ. ಅಂದಿನಿಂದ ತಂಗಿಯ ಅಡುಗೆಮನೆಯಲ್ಲಿ ಮಲಗುತ್ತಿದ್ದಾರೆ. “ಅವನು ಸಮುದ್ರದ ಮೇಲಿದ್ದಾನೆ, ಹೇಳ್ಬೇಡ” ಅಂದಿದ್ದಾರೆ. ಶನಿವಾರ ಹೊರಡುತ್ತೇನೆ ಎನ್ನುತ್ತಲೂ ಇದ್ದಾರೆ. ನಾನು ಇರಿ ಎಂದರೆ ಕನಿಕರ ಎಂದುಕೊಳ್ಳುತ್ತಾರೆ. ಮಗು ಸಣ್ಣದು, ನೆನಿತಾ ಒಬ್ಬಳ ಕೈಲಾಗುವುದಿಲ್ಲ, ದಯವಿಟ್ಟು ಇದ್ದು ನೋಡಿಕೋ ಅಮ್ಮಾ ಎಂದು ನೀನೇ ಅವರಿಗೊಂದು ತಂತಿ ಕೊಡು. ಶನಿವಾರಕ್ಕೆ ಮುಂಚೆ ಮುಟ್ಟದಿದ್ದರೂ ಕೊಡು. ಅಲ್ಲಿಯವರೆಗೆ ಏನಾದರೂ ನೆಪ ಹೇಳಿ ತಡೆಯುತ್ತೇನೆ.