ಬಲಗಿವಿಯ ಸ್ವೀಡನ್

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 9
ಹಾಲಿನ ಡೈರಿ ಕೆಲಸ ಮುಗೀತು. ಫ್ಯಾಟ್ ನೋಡುವ ಮೆಷಿನ್ ಮುಂದೆ ಎರಡು ಗಂಟೆ. ಸಂಜೆ ಹಾಲಿನವರೆಗೆ ಬಿಡುವು.

ನಾನು ಕೇಳುವ ಹಾಡುಗಳ ಬಗ್ಗೆ ನಿನ್ನೆ ತಂಗಿ ಭಾನುಪ್ರಿಯ ಕೇಳಿದಳು — "ಅಂದಿ ಕುಯ್ದಂಗೆ ಕಿರುಚ್ತಾರಲ್ಲಣ್ಣ, ಅದ್ರಾಗೆ ಏನೈತೆ? ಬರ್ದು ಕೊಡು, ಓದ್ತೀನಿ." ತಮಾಷೆಗೆ ಕೇಳಿದ್ದು. ನಾನು ನಿಜವಾಗಲೂ ಶುರು ಮಾಡಿಬಿಟ್ಟೆ. ಸ್ವೀಡನ್ನಿನ ಡೆತ್ ಮೆಟಲ್ ಬ್ಯಾಂಡುಗಳು, ಅವುಗಳ ಮೊದಮೊದಲ ಆಲ್ಬಮ್‌ಗಳು.

ಮೊದಲು ಎಂಟೂಂಬ್ಡ್. ಸ್ಟಾಕ್‌ಹೋಮ್, 1990. ಇನ್ನೂ ಮೀಸೆ ಬಲಿಯದ ಹುಡುಗರು. ಗಿಟಾರ್ ಪೆಡಲಿನ ನಾಲ್ಕೂ ನಾಬ್ ಪೂರ್ತಿ ತಿರುಗಿಸಿಬಿಟ್ಟರು, ಅಷ್ಟೇ. ಜಲ್ಲಿ ಕ್ರಷರ್ ಪಕ್ಕ ನಿಂತ ಹಾಗೆ ಇರುತ್ತೆ. ಆದರೆ ಕ್ರಷರ್ ಒಳಗೆ ಒಂದು ರಾಗ ಇದೆ. ಅದು ಸಿಕ್ಕಿದರೆ ಮುಗೀತು, ಬಿಡಲ್ಲ.

ಬೆಳಿಗ್ಗೆಯಿಂದ ಕಿವಿ ಗುಂಯ್ ಅಂತಿದೆ. ಬಲಗಿವಿ. ನನಗಿರುವುದೇ ಅದೊಂದು. ಎಡಗಿವಿ ಐದನೇ ಕ್ಲಾಸಿನಲ್ಲೇ ಮಂಗನಬಾವು ಬಂದು ಕಿವುಡಾಯಿತು.

ಫೆ. 5
ಕಿವಿಯೊಳಗೆ ನೀರು ತುಂಬಿದ ಹಾಗಿದೆ. ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು.

"ಗುಗ್ಗೆ ಕಣ್ಲಾ ನಾಗೇಶ. ನಾಕು ದಿನ ಎಣ್ಣೆ ಬಿಟ್ರೆ ಕರಗೋಯ್ತದೆ. ಆ ದೆವ್ವದ ಆಡು ಮಾತ್ರ ನಿಲ್ಸು."

ಡಾಕ್ಟರ ಹತ್ತಿರ ಹೋದರೆ ಮೊದಲು ಕೇಳುವುದೇ ಇಯರ್‌ಫೋನ್. ಅಮ್ಮನ ಮುಂದೆ ಕೇಳಿದರೆ ನನ್ನ ಫೋನ್ ಬಾವಿ ಪಾಲು. ಗುಗ್ಗೆಯೇ ಇರಬೇಕು. ಕಾಯೋಣ.

ಡಿಸ್ಮೆಂಬರ್ ಅನ್ನೋ ಬ್ಯಾಂಡ್, 1991. ಅದೇ ಸ್ಟುಡಿಯೋ, ಅದೇ ಕ್ರಷರ್. ಆದರೆ ನಡುನಡುವೆ ಗಿಟಾರ್ ಅಳುತ್ತೆ…

ಫೆ. 9, ಭಾನುವಾರ
ಮಾರಿಕುಪ್ಪಂನಿಂದ ಮುನಿರಾಜ್ ಬಂದಿದ್ದ. ಈ ಹುಚ್ಚು ಹಿಡಿಸಿದವನೇ ಅವನು, ಬಂಗಾರಪೇಟೆ ಐಟಿಐಗೆ ಟ್ರೈನಿನಲ್ಲಿ ಹೋಗುವಾಗ. ಇಬ್ಬರಿಗೂ ಒಂದೇ ಇಯರ್‌ಫೋನ್. ಬಲಗಡೆಯದು ನನಗೆ, ಎಡಗಡೆಯದು ಅವನಿಗೆ. ಎಡಗಡೆ ಗಿಟಾರ್ ಏನು ಮಾಡುತ್ತಿದೆ ಅನ್ನೋದನ್ನು ನನ್ನ ಎಡ ತೊಡೆ ಮೇಲೆ ಬೆರಳಲ್ಲಿ ಬಡಿದು ತೋರಿಸುತ್ತಿದ್ದ. ನಾನು ಕೇಳಿದ ಸ್ವೀಡನ್ ಅರ್ಧ ಕಿವಿಯದು, ಅರ್ಧ ತೊಡೆಯದು.

ಇವತ್ತು ಅವನ ಮಾತೇ ಸರಿಯಾಗಿ ಕಿವಿಗೆ ಸಿಗಲಿಲ್ಲ.

"ಡಾಕ್ಟರ್‌ಗೆ ತೋರ್ಸು ಮಚ್ಚಾ. ಎಣ್ಣೆ ಗಿಣ್ಣೆ ಬೇಡ."

ಗುಗ್ಗೆ ಅಂದೆ.

ಫೆ. 15. ಬೆಳಿಗ್ಗೆ
ವೆಂಕಟರತ್ನಮ್ಮ ಹಾಲು ಹಾಕಿ "ಫ್ಯಾಟ್ ಎಷ್ಟಪ್ಪಾ" ಅಂತ ಮೂರು ಸಲ ಕೇಳಿದರಂತೆ. ನಾಲ್ಕನೇ ಸಲ ತೋಳು ಹಿಡಿದು ಅಲ್ಲಾಡಿಸಿದರು. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಗ್ರೇವ್, ಅನ್‌ಲೀಶ್ಡ್ — ಎರಡೂ 1991. ಬರೆಯುವ ಮುಂಚೆ ಇನ್ನೊಂದು ಸಲ ಕೇಳೋಣ ಅಂತ ಹಾಕಿದೆ. ದೂರದಲ್ಲಿ ಯಾರೋ ಚೀಲ ಬಡಿದ ಹಾಗೆ ಡ್ರಮ್. ಗಿಟಾರ್ ಇಲ್ಲ.

ಹೆದರಿಕೆ ಆಗ್ತಿದೆ. ಭಾನುಗೆ ಹೇಳಿಬಿಟ್ಟೆ.

ಫೆ. 17, ಸೋಮವಾರ. ಕೋಲಾರ, ಬಸ್‌ಸ್ಟ್ಯಾಂಡ್
ಡಾಕ್ಟರ್ ಎಲ್ಲ ಚೀಟಿಯಲ್ಲಿ ಬರೆದರು. ಗುಗ್ಗೆ ಅಲ್ಲ. ಹಾಡಿನಿಂದ ಆದದ್ದೂ ಅಲ್ಲ. ಕಿವಿಯ ನರ. ಮೊದಲ ದಿನಗಳಲ್ಲೇ ಬಂದಿದ್ದರೆ ಚಾನ್ಸ್ ಜಾಸ್ತಿ ಇತ್ತು. ಹತ್ತು ದಿನ ಮಾತ್ರೆ, ಕಿವಿಯೊಳಗೆ ಇಂಜೆಕ್ಷನ್. ನೋಡೋಣ.

ಇಯರ್‌ಫೋನ್ ಬಗ್ಗೆ ಕೇಳಲೇ ಇಲ್ಲ. ಆ ಒಂದು ಪ್ರಶ್ನೆಗೆ ಹೆದರಿ ಹನ್ನೆರಡು ದಿನ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಮೂರ್ಖ. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ.

ತಡವಾದದ್ದರಿಂದ ಹೀಗಾಯಿತು ಅಂತ ಅಮ್ಮನಿಗೆ ಹೇಳಬೇಡ ಅಂತ ಜೊತೆಗೆ ಬಂದಿದ್ದ ಭಾನುಗೆ ಅಂದೆ. ಆಯ್ತು ಅಂತ ತಲೆಯಾಡಿಸಿದಳು. ಅಳುತ್ತಿದ್ದಳು. ಸದ್ದು ಬರಲಿಲ್ಲ.

ಫೆ. 22
ಅಟ್ ದ ಗೇಟ್ಸ್. ಯೊತೆಬೊರಿ ಅನ್ನೋ ಊರಿನವರು, 1992. ಅದರಲ್ಲಿ ಪಿಟೀಲು ಬರುತ್ತೆ. ಎಲ್ಲಿ ಬರುತ್ತೆ? ಬೆಳಿಗ್ಗೆಯಿಂದ ತಲೆಯೊಳಗೆ ಹುಡುಕುತ್ತಿದ್ದೇನೆ. ಸಿಗುತ್ತಿಲ್ಲ. ಐದು ದಿನಕ್ಕೇ ಮರೆತರೆ ಐದು ವರ್ಷಕ್ಕೆ ಏನು ಉಳಿಯುತ್ತೆ?

ಅಮ್ಮ ಮಾರಿಯಮ್ಮನಿಗೆ ಹರಕೆ ಕಟ್ಟಿದ್ದಾಳೆ. ಕದ್ದು ನಾನೂ ಕಟ್ಟಿದೆ. ಎಲ್ಲ ಬೇಡ ತಾಯಿ. ಒಂದು ಆಲ್ಬಮ್ ಸಾಕು. ಮೊದಲನೆಯದು.

ಫೆ. 27, ಗುರುವಾರ. ಬೆಳಿಗ್ಗೆ 10
ಕೊನೆಯ ಮಾತ್ರೆ ನುಂಗಿದೆ. ಮುನಿರಾಜ್ ದೊಡ್ಡ ಸ್ಪೀಕರ್ ಹೊತ್ತು ತಂದಿದ್ದಾನೆ. ಎಂಟೂಂಬ್ಡ್‌ನ ಮೊದಲ ಆಲ್ಬಮ್, ಮೊದಲ ಹಾಡು. ಬರೆಯುತ್ತಾ ಕೇಳುತ್ತೇನೆ, ಒಂದೂ ತಪ್ಪಬಾರದು. ಮುನಿರಾಜ್ ಪ್ಲೇ ಒತ್ತಿದ.

ಫೋನಿನ ಮೇಲೆ ಸೆಕೆಂಡು ಓಡುತ್ತಿದೆ. ಹನ್ನೆರಡು. ಇಪ್ಪತ್ತು. "ಆಕಿದ್ಯೇನ್ಲಾ?" ಅಂದೆ. ಹೌದು ಅಂತ ತಲೆಯಾಡಿಸಿದ.

ನಲವತ್ತು. ಬ್ಲೂಟೂತ್ ಕನೆಕ್ಟ್ ಆಗಿರಲಿಕ್ಕಿಲ್ಲ. ಅದೇ ಇರಬೇಕು.

ಕೊಟ್ಟಿಗೆಯಿಂದ ಅಮ್ಮ ಓಡಿ ಬಂದಳು. ಬಾಗಿಲಲ್ಲೇ ನಿಂತಿದ್ದಾಳೆ, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು.

ಮುನಿರಾಜ್ ಪಕ್ಕ ಬಂದು ಕೂತ. ನನ್ನ ಎಡ ತೊಡೆ ಮೇಲೆ ಬೆರಳು ಬಡಿಯುತ್ತಿದ್ದಾನೆ, ಟ್ರೈನಿನಲ್ಲಿ ಬಡಿಯುತ್ತಿದ್ದ ಹಾಗೆ. ಈಗ ಬಲ ತೊಡೆ ಮೇಲೂ.